ಕೈಪಿಡಿಯಲ್ಲಿರುವ ಬಟನ್ ಫೋನಿನಲ್ಲಿ ಏಕಿಲ್ಲ? ತಾಂತ್ರಿಕ ಬರಹ ರೂಪುಗೊಳ್ಳುವ ಬಗೆ, ಹಳತಾಗುವ ಬಗೆ

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ರೊಬಸ್ಟಾ ತೋಟಗಳಲ್ಲಿ ಫೆಬ್ರುವರಿ ಬರುತ್ತಿದ್ದಂತೆ ಸ್ಪ್ರಿಂಕ್ಲರ್ ಪೈಪುಗಳು ಹೊರಬರುತ್ತವೆ, ಕೆರೆಯ ಬದಿಯ ಮೋಟಾರುಗಳು ಹಗಲಿರುಳೆನ್ನದೆ ಓಡತೊಡಗುತ್ತವೆ. ಈ ಮೋಟಾರುಗಳನ್ನು ಮನೆಯಲ್ಲಿ ಕುಳಿತೇ ಚಾಲೂ ಮಾಡಲು ನೆರವಾಗುವ, ಒಳಗೆ ಸಿಮ್ ಕಾರ್ಡ್ ಇರುವ ಸ್ಟಾರ್ಟರ್ ಪೆಟ್ಟಿಗೆಗಳು ಈಗ ಸಣ್ಣ ಹಿಡುವಳಿಗಳಿಗೂ ಬಂದಿವೆ. ಪೆಟ್ಟಿಗೆಯ ಜೊತೆ ಒಂದು ಪುಸ್ತಿಕೆ ಬರುತ್ತದೆ. ಪುಸ್ತಿಕೆಯ ಚಿತ್ರದಲ್ಲಿ ಪರದೆಯ ಕೆಳತುದಿಗೆ ಹಸಿರು ಬಟನ್ ಇರುತ್ತದೆ, ಫೋನಿನ ಆ್ಯಪಿನಲ್ಲಿ ಅದು ಇರುವುದಿಲ್ಲ. ಮಾರಿದವರನ್ನು ಕೇಳಿದರೆ ‘ಅಪ್‌ಡೇಟ್ ಆಗಿದೆ, ಹೊಸದರಲ್ಲಿ ಹಾಗಿಲ್ಲ’ ಎಂಬ ಉತ್ತರ ಸಿಗುತ್ತದೆ.

ಈ ತೊಡಕು ಮೋಟಾರಿಗೆ ಮಾತ್ರ ಸೇರಿದ್ದಲ್ಲ. ಬ್ಯಾಂಕಿನ ಆ್ಯಪು, ಔಷಧಿ ಹೊಡೆಯುವ ಡ್ರೋನು, ಕಾಫಿ ಬೀಜದ ತೇವಾಂಶ ಅಳೆಯುವ ಮೀಟರು, ಮನೆಯ ಇನ್ವರ್ಟರು, ಹೀಗೆ ಬಳಸುವ ಪ್ರತಿಯೊಂದು ಸಲಕರಣೆಯ ಜೊತೆಗೂ ಒಂದಿಷ್ಟು ಬರಹ ಬರುತ್ತದೆ, ಮತ್ತು ಸಲಕರಣೆ ಬದಲಾಗುವ ವೇಗದಲ್ಲಿ ಆ ಬರಹ ಬದಲಾಗುವುದಿಲ್ಲ. ಆ ಬರಹವನ್ನು ಯಾರು, ಹೇಗೆ ಸಿದ್ಧಪಡಿಸುತ್ತಾರೆ, ಅದು ಯಾವ ಕಾರಣಗಳಿಂದ ಹಳತಾಗುತ್ತದೆ, ಕೈಯಲ್ಲಿರುವ ಕಾಗದ ಕೈಯಲ್ಲಿರುವ ಯಂತ್ರಕ್ಕೇ ಸೇರಿದ್ದೆಂದು ತಿಳಿಯುವುದು ಹೇಗೆ ಎಂಬುದನ್ನು ಬುಡದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ತಾಂತ್ರಿಕ ಸಂವಹನ ಎಂದರೆ ಯಾವುದು

ಒಂದು ಯಂತ್ರವನ್ನೋ ರಾಸಾಯನಿಕವನ್ನೋ ತಂತ್ರಾಂಶವನ್ನೋ ತಯಾರಿಸಿದವರಿಗೆ ಗೊತ್ತಿರುವ ಸಂಗತಿಯನ್ನು, ಬಳಸುವವರಿಗೆ ಬೇಕಾದಷ್ಟು, ಬೇಕಾದ ಹೊತ್ತಿಗೆ, ತಪ್ಪು ಅರ್ಥಕ್ಕೆ ಎಡೆಯಿಲ್ಲದಂತೆ ತಲುಪಿಸುವ ಕೆಲಸಕ್ಕೆ ತಾಂತ್ರಿಕ ಸಂವಹನ ಎಂದು ಹೆಸರು. ದಪ್ಪ ಕೈಪಿಡಿ ಅದರ ಒಂದು ರೂಪ ಮಾತ್ರ. ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ ವೈರಿಂಗ್ ನಕ್ಷೆ, ಗೊಬ್ಬರದ ಚೀಲದ ಮೇಲೆ ಮುದ್ರಿಸಿದ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಅಂಕಿಗಳು, ಕೀಟನಾಶಕದ ಡಬ್ಬಿಯೊಡನೆ ಬರುವ ಮಡಿಸಿದ ಚೀಟಿ, ಪರದೆಯ ಮೇಲೆ ಮಿನುಗಿ ಮಾಯವಾಗುವ ದೋಷದ ಸಂಖ್ಯೆ, ಇವೆಲ್ಲವೂ ಈ ಕೆಲಸದ ಫಲಗಳೇ ಆಗಿವೆ. ಜಾಹೀರಾತು ಕೊಳ್ಳುವಂತೆ ಒಲಿಸುತ್ತದೆ. ತಾಂತ್ರಿಕ ಬರಹದ ಕೆಲಸ ಕೊಂಡ ನಂತರ ಆರಂಭವಾಗುತ್ತದೆ, ಅಲ್ಲಿ ಒಲಿಸುವ ಮಾತಿಗೆ ಜಾಗವಿಲ್ಲ.

ಐಎಸ್‌ಒ, ಐಇಸಿ ಮತ್ತು ಐಇಇಇ ಸಂಸ್ಥೆಗಳು ಜಂಟಿಯಾಗಿ ಹೊರತಂದ 82079-1 ಎಂಬ ಅಂತರರಾಷ್ಟ್ರೀಯ ಮಾನಕವೊಂದಿದೆ. 2019ರಲ್ಲಿ ಪರಿಷ್ಕೃತವಾದ ಈ ಮಾನಕದ ಮೂಲ ನಿಲುವು ಏನೆಂದರೆ, ಬಳಕೆಯ ಮಾಹಿತಿಯು ಉತ್ಪನ್ನದ ಒಂದು ಭಾಗವೇ ಆಗಿದೆ. ಪೆಟ್ಟಿಗೆಯೊಳಗೆ ಒಂದು ಬೋಲ್ಟ್ ಕಡಿಮೆ ಬಿದ್ದರೆ ಅದು ಎಷ್ಟು ದೊಡ್ಡ ಕೊರತೆಯೋ, ಸರಿಯಾದ ಸೂಚನೆ ಇಲ್ಲದಿರುವುದೂ ಅಷ್ಟೇ ದೊಡ್ಡ ಕೊರತೆ ಎಂದು ಇದರಿಂದ ತಿಳಿಯಬಹುದು.

ಈ ಅರಿವು ಬಂದದ್ದು ಅನಾಹುತಗಳಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಕಂಪನಿಯ ‘ಮಾಡೆಲ್ 299’ ಎಂಬ ಹೊಸ ಬಾಂಬರ್ ವಿಮಾನವು ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿದ್ದು ಉರಿದುಹೋಯಿತು. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ವಿಮಾನ ನೆಲದ ಮೇಲೆ ನಿಂತಿದ್ದಾಗ ಅದರ ನಿಯಂತ್ರಣ ಫಲಕಗಳು ಗಾಳಿಗೆ ಅಲುಗದಿರಲೆಂದು ಹಾಕುತ್ತಿದ್ದ ಅಗುಳಿಯನ್ನು ತೆಗೆಯುವುದು ಮರೆತುಹೋಗಿತ್ತು. ನುರಿತ ಚಾಲಕರಿಂದಲೇ ಈ ಮರೆವು ಆದ್ದರಿಂದ, ಇನ್ನಷ್ಟು ತರಬೇತಿ ಕೊಡುವುದಕ್ಕಿಂತ, ಹಾರುವ ಮೊದಲು ಒಂದೊಂದಾಗಿ ಓದಿ ಗುರುತುಹಾಕುವ ಪಟ್ಟಿಯನ್ನು ಕೈಗಿಡುವುದೇ ಮೇಲೆಂದು ತೀರ್ಮಾನವಾಯಿತು. ಇಂದು ವಿಮಾನಗಳಲ್ಲಿ ಕಡ್ಡಾಯವಾಗಿರುವ ಪರಿಶೀಲನಾ ಪಟ್ಟಿಯ ಪದ್ಧತಿ ಬೇರೂರಿದ್ದು ಆ ಬಳಿಕ. ಕಂಪ್ಯೂಟರಿನ ಮೊದಲ ಬಳಕೆದಾರ ಕೈಪಿಡಿ ಎಂದು ಸಾಮಾನ್ಯವಾಗಿ ಗುರುತಿಸಲಾಗುವ ಬರಹವನ್ನು 1949ರಲ್ಲಿ ಬೈನ್ಯಾಕ್ ಎಂಬ ಗಣಕಕ್ಕಾಗಿ ಜೋಸೆಫ್ ಚ್ಯಾಪ್ಲಿನ್ ಸಿದ್ಧಪಡಿಸಿದರು.

ನಮ್ಮ ನಡುವೆಯೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಹಾಸನದಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ದೇಶದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತದೆ. ಅಷ್ಟು ದೂರದ ಯಂತ್ರದ ಬಳಿಗೆ ಹೋಗಿ ತಪ್ಪನ್ನು ಕೈಯಾರೆ ತಿದ್ದಲು ಬರುವುದಿಲ್ಲವಾದ್ದರಿಂದ, ಉಪಗ್ರಹ ನಿರ್ವಹಣೆಯ ಕ್ಷೇತ್ರದಲ್ಲಿ ಜಗತ್ತಿನೆಲ್ಲೆಡೆ ಯಾವ ಆಜ್ಞೆಯ ನಂತರ ಯಾವ ಆಜ್ಞೆ, ನಡುವೆ ಯಾವ ಅಂಕಿಯನ್ನು ನೋಡಿಕೊಳ್ಳಬೇಕು, ಅಂಕಿ ಮಿತಿ ಮೀರಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಮೊದಲೇ ಬರೆದು, ಪರೀಕ್ಷಿಸಿ, ಒಪ್ಪಿಗೆ ಪಡೆದ ಕ್ರಮದಂತೆಯೇ ನಡೆಸಲಾಗುತ್ತದೆ. ಅಲ್ಲಿ ಬರಹವೇ ಕೆಲಸದ ಸಾಧನ.

ಒಂದೇ ಪುಸ್ತಿಕೆಯೊಳಗೆ ಬೇರೆ ಬೇರೆ ಬಗೆಯ ಬರಹ

ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಕೆಂಬ ಭಾವನೆಯೇ ಅನೇಕರನ್ನು ಅದರಿಂದ ದೂರವಿಡುತ್ತದೆ. ವಾಸ್ತವದಲ್ಲಿ ಅದನ್ನು ಹಾಗೆ ಓದಲೆಂದು ಬರೆದಿರುವುದಿಲ್ಲ. ಹೊಸಬರ ಕೈ ಹಿಡಿದು ಒಂದು ಸಲ ಮೋಟಾರು ಓಡುವವರೆಗೆ ನಡೆಸಿಕೊಂಡು ಹೋಗುವ ಪಾಠ ಒಂದು ಬಗೆ. ಆಗಲೇ ಬಳಸಲು ಬಲ್ಲವರಿಗೆ ‘ರಾತ್ರಿ ಹನ್ನೊಂದಕ್ಕೆ ತಾನಾಗಿ ಚಾಲೂ ಆಗುವಂತೆ ಹೊಂದಿಸುವುದು ಹೇಗೆ’ ಎಂಬಂತಹ ಒಂದೇ ಕೆಲಸದ ಹೆಜ್ಜೆಗಳನ್ನು ಹೇಳುವುದು ಎರಡನೆಯ ಬಗೆ. ಎಷ್ಟು ಅಶ್ವಶಕ್ತಿ, ಎಷ್ಟು ವೋಲ್ಟೇಜಿನ ಮಿತಿ, ಯಾವ ದೋಷ ಸಂಖ್ಯೆಗೆ ಯಾವ ಅರ್ಥ ಎಂಬ ಕೋಷ್ಟಕಗಳು ಮೂರನೆಯ ಬಗೆ, ಅವು ನಿಘಂಟಿನಂತೆ ಬೇಕಾದಾಗ ತೆರೆದು ನೋಡಲು ಇರುವಂಥವು. ಮೂರು ಫೇಸುಗಳಲ್ಲಿ ಒಂದು ಹೋದಾಗ ಮೋಟಾರು ಏಕೆ ಸುಡುತ್ತದೆ, ಸ್ಟಾರ್ಟರ್ ಅದನ್ನು ಹೇಗೆ ಗುರುತಿಸುತ್ತದೆ ಎಂಬ ಕಾರಣ ವಿವರಣೆ ನಾಲ್ಕನೆಯ ಬಗೆ.

ತೊಂದರೆ ಹುಟ್ಟುವುದು ಇವು ಒಂದರೊಳಗೊಂದು ಕಲಸಿಹೋದಾಗ. ಕತ್ತಲಲ್ಲಿ ಟಾರ್ಚ್ ಹಿಡಿದು ಮೋಟಾರಿನ ಮನೆಯಲ್ಲಿ ನಿಂತವರಿಗೆ ದೋಷ ಸಂಖ್ಯೆಯ ಅರ್ಥ ಬೇಕೇ ಹೊರತು ವಿದ್ಯುತ್ತಿನ ಇತಿಹಾಸ ಬೇಡ. ಓದುಗರಾಗಿ ‘ನನಗೀಗ ಈ ನಾಲ್ಕರಲ್ಲಿ ಯಾವುದು ಬೇಕು’ ಎಂದು ಕೇಳಿಕೊಂಡು ಪರಿವಿಡಿಗೆ ಹೋದರೆ, ನೂರು ಪುಟದ ಪುಸ್ತಿಕೆಯೂ ಎರಡು ಪುಟದ್ದಾಗುತ್ತದೆ.

ಒಂದು ಸೂಚನೆಯನ್ನು ಕಟ್ಟುವ ಕ್ರಮ

ಅಡಿಕೆಗೆ ಮತ್ತು ಕಾಳುಮೆಣಸಿಗೆ ಮಲೆನಾಡಿನಲ್ಲಿ ಹೊಡೆಯುವ ಶೇಕಡಾ 1ರ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣವನ್ನು ತಯಾರಿಸುವ ಕ್ರಮವನ್ನೇ ಉದಾಹರಣೆಯಾಗಿ ನೋಡಬಹುದು. ಬಾಯಿಮಾತಿನಲ್ಲಿ ಅದು ಹೀಗೆ ಬರುತ್ತದೆ: ‘ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿಗೆ ಕಲಸಿ ಹೊಡೆಯುವುದು, ಕಬ್ಬಿಣದ ಡ್ರಮ್ ಬೇಡ.’ ಇದರಲ್ಲಿ ಸುಳ್ಳೇನೂ ಇಲ್ಲ, ಆದರೂ ಇದನ್ನು ಮಾತ್ರ ಕೇಳಿ ಮಾಡಿದವರ ದ್ರಾವಣ ಕೆಡುವ ಸಾಧ್ಯತೆ ಇದೆ. ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬುದು ಇದರಲ್ಲಿಲ್ಲ. ಡ್ರಮ್ಮಿನ ಎಚ್ಚರಿಕೆ ಕೊನೆಗೆ ಬಂದಿದೆ, ಅಷ್ಟು ಹೊತ್ತಿಗೆ ಕೇಳಿದವರು ಕಬ್ಬಿಣದ ಡ್ರಮ್ಮಿಗೆ ನೀರು ತುಂಬಿಯಾಗಿರುತ್ತದೆ.

ತಾಂತ್ರಿಕ ಬರಹಗಾರರು ಇದನ್ನು ಬಿಡಿಸಿ ಬರೆಯುವಾಗ ಎಚ್ಚರಿಕೆ ಮೊದಲು ಬರುತ್ತದೆ: ಪ್ಲಾಸ್ಟಿಕ್ ಅಥವಾ ಮರದ ಪಾತ್ರೆಯನ್ನೇ ಬಳಸಿ, ಮೈಲುತುತ್ತದಲ್ಲಿರುವ ತಾಮ್ರವು ಕಬ್ಬಿಣದೊಡನೆ ವರ್ತಿಸುವುದರಿಂದ ಕಬ್ಬಿಣದ ಪಾತ್ರೆ ಬೇಡ. ಆಮೇಲೆ ಹೆಜ್ಜೆಗಳು. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಒಂದು ಕೆಜಿ ಸುಟ್ಟ ಸುಣ್ಣವನ್ನು ಬೇರೊಂದು ಪಾತ್ರೆಯಲ್ಲಿ ಅರಳಿಸಿ, 50 ಲೀಟರಿಗೆ ತುಂಬಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ಕಲಕಿ. ಹರಿತವಾದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಆ ದಿನವೇ ಬಳಸಿ ಮುಗಿಸಿ.

ಈ ಕೆಲವೇ ವಾಕ್ಯಗಳಲ್ಲಿ ಆ ಕಸುಬಿನ ಮುಖ್ಯ ನಿಯಮಗಳು ಬಹುಪಾಲು ಅಡಗಿವೆ. ಒಂದು ವಾಕ್ಯಕ್ಕೆ ಒಂದು ಕೆಲಸ. ಮಾಡುವ ಕ್ರಮದಲ್ಲೇ ಹೇಳುವ ಕ್ರಮ. ಅಪಾಯದ ಮಾತು ಅಪಾಯ ಎದುರಾಗುವ ಹೆಜ್ಜೆಗಿಂತ ಮೊದಲು. ಕೊನೆಯಲ್ಲಿ ‘ಸರಿಯಾಯಿತೇ’ ಎಂದು ತಿಳಿಯಲು ಕಣ್ಣಿಗೆ ಕಾಣುವ ಒಂದು ಪರೀಕ್ಷೆ. ಚಾಕುವಿನ ಪರೀಕ್ಷೆಯನ್ನು ಬಿಟ್ಟು ಬರೆದ ಸೂಚನೆ ನೋಡಲು ಚೊಕ್ಕವಾಗಿರುತ್ತದೆಯಾದರೂ, ನನ್ನ ಎಣಿಕೆಯಲ್ಲಿ ಅದು ಅರ್ಧ ಸೂಚನೆ. ವಿಮಾನಗಳ ದುರಸ್ತಿ ಕೈಪಿಡಿಗಳಿಗಾಗಿ ರೂಪಿಸಿದ, ಎಎಸ್‌ಡಿ-ಎಸ್‌ಟಿಇ100 ಎಂಬ ಸರಳೀಕೃತ ಇಂಗ್ಲಿಷಿನ ಮಾನಕವು ಇದನ್ನು ಅಂಕಿಯಲ್ಲೇ ಕಟ್ಟಿಹಾಕುತ್ತದೆ: ಹೆಜ್ಜೆ ಹೇಳುವ ವಾಕ್ಯದಲ್ಲಿ 20 ಪದ, ವಿವರಿಸುವ ವಾಕ್ಯದಲ್ಲಿ 25 ಪದ ಮೀರುವಂತಿಲ್ಲ, ಮತ್ತು ಒಂದು ಪದಕ್ಕೆ ಒಂದೇ ಅರ್ಥ. ಹಾಗೆ ಬರೆದದ್ದು ಓದಲು ಚಪ್ಪೆಯಾಗಿರುತ್ತದೆ, ಆದರೆ ಇಂಗ್ಲಿಷ್ ತಾಯ್ನುಡಿಯಲ್ಲದ ಮೆಕ್ಯಾನಿಕ್ಕಿಗೂ ಅದು ಎರಡು ರೀತಿಯಲ್ಲಿ ಅರ್ಥವಾಗುವುದಿಲ್ಲ.

ಡಬ್ಬಿಯ ಮೇಲಿನ ಬಣ್ಣ ಹೇಳುವುದೇನು

ಕಾಫಿ ತೋಟಗಳಲ್ಲಿ ಈಗ ಅಸ್ಸಾಂ, ಬಂಗಾಳದಂತಹ ದೂರದ ನಾಡುಗಳಿಂದ ಬಂದ ಕಾರ್ಮಿಕರೂ ಇದ್ದಾರೆ. ಒಂದೇ ಲೈನ್ ಮನೆಯ ಸಾಲಿನಲ್ಲಿ ಕನ್ನಡ, ತುಳು, ತಮಿಳು, ಬಂಗಾಳಿ ಮಾತುಗಳು ಕೇಳಿಬರುವಾಗ, ಅಕ್ಷರವನ್ನು ಮಾತ್ರ ನೆಚ್ಚಿದ ಎಚ್ಚರಿಕೆ ಎಲ್ಲರನ್ನೂ ಮುಟ್ಟುವುದಿಲ್ಲ. ಆದ್ದರಿಂದಲೇ ಕೀಟನಾಶಕದ ಲೇಬಲ್ಲಿನಲ್ಲಿ ಬಣ್ಣ ಮತ್ತು ಚಿಹ್ನೆಗಳನ್ನು ಕಾನೂನು ಕಡ್ಡಾಯಗೊಳಿಸಿದೆ. 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ ಬಂದ 1971ರ ನಿಯಮಗಳ ಪ್ರಕಾರ, ಲೇಬಲ್ಲಿನ ಮುಖದ ಹದಿನಾರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಒಂದು ಚೌಕವನ್ನು ಓರೆಯಾಗಿ ನಿಲ್ಲಿಸಿ, ಅದನ್ನು ಮೇಲೊಂದು ಕೆಳಗೊಂದು ತ್ರಿಕೋನವಾಗಿ ಭಾಗಮಾಡಿರಬೇಕು. ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ: ಕೆಂಪು ಎಂದರೆ ಅತಿ ತೀವ್ರ ವಿಷ, ಹಳದಿ ಎಂದರೆ ತೀವ್ರ ವಿಷ, ನೀಲಿ ಎಂದರೆ ಮಧ್ಯಮ, ಹಸಿರು ಎಂದರೆ ಅಲ್ಪ. ಮೇಲಿನ ತ್ರಿಕೋನದಲ್ಲಿ ಕೆಂಪು ವರ್ಗಕ್ಕೆ ತಲೆಬುರುಡೆಯ ಚಿತ್ರ ಮತ್ತು ‘ವಿಷ’ ಎಂಬ ಮಾತು, ಹಳದಿಗೆ ‘ವಿಷ’, ನೀಲಿಗೆ ‘ಅಪಾಯ’, ಹಸಿರಿಗೆ ‘ಎಚ್ಚರಿಕೆ’ ಎಂಬ ಅರ್ಥದ ಮಾತುಗಳು ಇರುತ್ತವೆ.

ಈ ವರ್ಗಗಳನ್ನು ಅಂದಾಜಿನಿಂದ ಹಾಕಿಲ್ಲ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಅವುಗಳ ಒಂದು ಕೆಜಿ ದೇಹತೂಕಕ್ಕೆ ಎಷ್ಟು ಮಿಲಿಗ್ರಾಂ ವಿಷ ಬಾಯಿಯ ಮೂಲಕ ಹೋಗಬೇಕು ಎಂಬ ಅಳತೆ ಇದಕ್ಕೆ ಆಧಾರ. ಆ ಪ್ರಮಾಣ 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 51ರಿಂದ 500ರವರೆಗೆ ಹಳದಿ, 501ರಿಂದ 5000ದವರೆಗೆ ನೀಲಿ, ಅದಕ್ಕೂ ಹೆಚ್ಚು ಬೇಕಾದರೆ ಹಸಿರು. ಅಂಕಿ ಚಿಕ್ಕದಾದಷ್ಟೂ ವಿಷ ದೊಡ್ಡದು. ಚರ್ಮದ ಮೂಲಕ ಆಗುವ ಅಪಾಯಕ್ಕೆ ಪ್ರತ್ಯೇಕ ಅಳತೆಯೂ ಉಂಟು.

ಇಲ್ಲಿ ಎರಡು ಕಡೆ ಓದುಗರು ಎಡವುತ್ತಾರೆ. ಮೊದಲನೆಯದು ಬಣ್ಣದ ಗೊಂದಲ. ಆಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ, ಕಾರ್ಖಾನೆಯ ಗೋಡೆಯ ಮೇಲೆ ಹಸಿರು ಫಲಕ ಎಂದರೆ ಹೊರಹೋಗುವ ಸುರಕ್ಷಿತ ದಾರಿ, ಆದರೆ ಕೀಟನಾಶಕದ ಡಬ್ಬಿಯ ಮೇಲೆ ಹಸಿರು ಎಂದರೆ ಇನ್ನುಳಿದ ವಿಷಗಳಿಗಿಂತ ಕಡಿಮೆ ವಿಷ ಅಷ್ಟೆ. ‘ಹಸಿರಿದೆ, ಏನೂ ಆಗುವುದಿಲ್ಲ’ ಎಂದು ಕೈಗವಸಿಲ್ಲದೆ ಕಲಸುವುದಕ್ಕೆ ಈ ಗೊಂದಲವೇ ಕಾರಣ. ನೀಲಿಯಂತೂ ಎಲ್ಲೆಡೆ ತಣ್ಣನೆಯ ಬಣ್ಣ, ಇಲ್ಲಿ ಮಾತ್ರ ಅದರ ಮೇಲೆ ‘ಅಪಾಯ’ ಎಂದಿರುತ್ತದೆ. ಎರಡನೆಯದು, ಆ ಬಣ್ಣ ಮನುಷ್ಯನಂತಹ ಸಸ್ತನಿಗಳಿಗೆ ಆಗುವ ಹಾನಿಯನ್ನು ಮಾತ್ರ ಅಳೆಯುತ್ತದೆ. ಜೇನುಹುಳುಗಳಿಗೆ, ಮೀನಿಗೆ ಆಗುವ ಹಾನಿಯ ಮಾತು ಮಡಿಸಿದ ಚೀಟಿಯೊಳಗೆ ಸಣ್ಣ ಅಕ್ಷರಗಳಲ್ಲಿರುತ್ತದೆ. ರೊಬಸ್ಟಾ ಕಾಫಿಯಲ್ಲಿ ಕಾಯಿಕಟ್ಟಲು ಬೇರೆ ಗಿಡದ ಪರಾಗ ಬೇಕು, ಅದರಲ್ಲಿ ಗಾಳಿಯ ಜೊತೆ ಜೇನುಹುಳುವಿನ ಪಾಲೂ ಇದೆ. ಹೂವಿನ ಕಾಲದಲ್ಲಿ ಚೀಟಿಯನ್ನು ಬಿಡಿಸಿ ಓದಬೇಕಾದ ಕಾರಣ ಇದು. ಲೇಬಲ್ಲು ಮತ್ತು ಚೀಟಿಯಲ್ಲಿ ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳೂ ಇರಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಚೀಟಿಯಲ್ಲಿ ಕನ್ನಡ ಇಲ್ಲದಿದ್ದರೆ ಅಂಗಡಿಯಲ್ಲಿ ಕೇಳುವ ಹಕ್ಕು ಕೊಳ್ಳುವವರಿಗಿದೆ.

ಸರಿಯಾಗಿದ್ದ ಬರಹ ಹಳತಾಗುವುದು ಹೇಗೆ

ಕಳೆದ ವರ್ಷದ ಪಂಚಾಂಗದಲ್ಲಿ ಒಂದು ತಿಥಿಯೂ ತಪ್ಪಿರುವುದಿಲ್ಲ. ಆದರೂ ಈ ವರ್ಷದ ಮುಹೂರ್ತಕ್ಕೆ ಅದನ್ನು ಯಾರೂ ತೆರೆಯುವುದಿಲ್ಲ, ಏಕೆಂದರೆ ಮುಖಪುಟದ ಮೇಲೆಯೇ ಸಂವತ್ಸರದ ಹೆಸರಿರುತ್ತದೆ. ತಾಂತ್ರಿಕ ಬರಹವೂ ಹಾಗೆಯೇ, ಒಂದು ಅವಧಿಗೆ, ಒಂದು ಆವೃತ್ತಿಗೆ ಮಾತ್ರ ಸತ್ಯ. ವ್ಯತ್ಯಾಸವೆಂದರೆ ಇದರ ಸಂವತ್ಸರವನ್ನು ಕೊನೆಯ ಪುಟದ ಮೂಲೆಯಲ್ಲಿ ಓದಲಾಗದಷ್ಟು ಸಣ್ಣದಾಗಿ ಮುದ್ರಿಸುತ್ತಾರೆ.

ಹಳತಾಗಲು ಇರುವ ಕಾರಣಗಳಲ್ಲಿ ತಂತ್ರಾಂಶದ ಬದಲಾವಣೆ ಎಲ್ಲರಿಗೂ ಪರಿಚಿತ. ಆ್ಯಪ್ ತಯಾರಿಸಿದವರು ರಾತ್ರಿ ಹೊಸ ರೂಪವನ್ನು ಕಳುಹಿಸಿದರೆ ಬೆಳಿಗ್ಗೆ ಫೋನಿನಲ್ಲಿ ಬಟನ್‌ಗಳ ಜಾಗ ಬದಲಾಗಿರುತ್ತದೆ, ಆದರೆ ಗೋದಾಮಿನಲ್ಲಿರುವ ಪೆಟ್ಟಿಗೆಗಳೊಳಗಿನ ಮುದ್ರಿತ ಪುಸ್ತಿಕೆಗಳನ್ನು ಯಾರೂ ತೆರೆದು ಬದಲಿಸುವುದಿಲ್ಲ.

ಯಂತ್ರವಾಗಲಿ ಪರದೆಯಾಗಲಿ ಏನೂ ಬದಲಾಗದೆ, ತಿಳಿವಳಿಕೆ ಬದಲಾಗಿ ಬರಹ ಅಪಾಯಕಾರಿಯಾಗುವುದು ಇದಕ್ಕಿಂತ ಗಂಭೀರ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕಕ್ಕೆ ಲಿಂಡೇನ್ ಎಂಬ ಕೀಟನಾಶಕವನ್ನು ಕಾಂಡಕ್ಕೆ ಬಳಿಯಬೇಕೆಂದು ಒಂದು ಕಾಲದಲ್ಲಿ ಶಿಫಾರಸು ಇತ್ತು. ಅದು ಪರಿಸರದಲ್ಲಿ ಬಹುಕಾಲ ಕರಗದೆ ಉಳಿಯುವ ವಿಷವೆಂದು ಸಾಬೀತಾದ ಮೇಲೆ, ಭಾರತದಲ್ಲಿ 2011ರ ಮಾರ್ಚಿನಿಂದ ಅದರ ತಯಾರಿಕೆಯನ್ನೂ 2013ರ ಮಾರ್ಚಿನಿಂದ ಬಳಕೆಯನ್ನೂ ನಿಷೇಧಿಸಲಾಯಿತು. ಎಸ್ಟೇಟ್ ಕಚೇರಿಯ ಕಪಾಟಿನಲ್ಲಿ, ರೈಟರ ಮೇಜಿನ ಖಾನೆಯಲ್ಲಿ ಉಳಿದ 1990ರ ದಶಕದ ಕರಪತ್ರಕ್ಕೆ ಇದು ತಿಳಿಯದು. ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಕೇಂದ್ರವು 1925ರಿಂದ ನಡೆದುಬಂದಿದ್ದು, ಅಷ್ಟು ದೀರ್ಘಕಾಲದ ಶಿಫಾರಸುಗಳಲ್ಲಿ ಇಂದು ಯಾವುದು ಜಾರಿಯಲ್ಲಿದೆ ಎಂದು ತಿಳಿಯಲು ಕಾಗದದ ಮೇಲಿನ ವರ್ಷವನ್ನು ನೋಡದೆ ಬೇರೆ ದಾರಿಯಿಲ್ಲ.

ಅಳೆಯುವ ಕೋಲೇ ಬದಲಾಗುವುದೂ ಉಂಟು. ಏಸಿ, ಫ್ರಿಜ್‌ಗಳ ಮೇಲೆ ಇಂಧನ ದಕ್ಷತಾ ಬ್ಯೂರೊ ಅಂಟಿಸುವ ತಾರೆಗಳ ಚೀಟಿಯಲ್ಲಿ ಅದು ಯಾವ ಅವಧಿಗೆ ಸೇರಿದ್ದೆಂದು ಬರೆದಿರುತ್ತದೆ. 2022ರ ಜುಲೈ 1ರಿಂದ ಏಸಿಗಳ ಮಾನದಂಡ ಬಿಗಿಯಾದಾಗ, ಹಿಂದಿನ ದಿನದವರೆಗೆ ಐದು ತಾರೆಯಿದ್ದ ಮಾದರಿಗಳು ಸಾಮಾನ್ಯವಾಗಿ ನಾಲ್ಕಕ್ಕೆ ಇಳಿದವು. ಯಂತ್ರ ಅದೇ, ವಿದ್ಯುತ್ ಬಳಕೆ ಅದೇ. (ಚಿಕ್ಕಮಗಳೂರಿನ ಹವೆಗೆ ಏಸಿ ಬೇಕೇ ಎಂಬುದು ಬೇರೆಯೇ ಪ್ರಶ್ನೆ.)

ಕಾನೂನಿನ ದಿನಾಂಕಗಳು ಸರಿಯುವುದಕ್ಕೆ ಕಾಫಿ ಬೆಳೆಗಾರರು ಈಚೆಗೆ ಕಂಡ ಉದಾಹರಣೆ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ ಎನ್ನುವ ಆ ನಿಯಮವು, ತೋಟದ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಆರು ಸ್ಥಾನಗಳವರೆಗೆ ಕೇಳುತ್ತದೆ, ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಳತೆಯ ನಕ್ಷೆಯನ್ನೇ ಕೇಳುತ್ತದೆ. 2023ರಲ್ಲಿ ಬಂದ ನಿಯಮದಲ್ಲಿ ಜಾರಿಯ ದಿನ 2024ರ ಡಿಸೆಂಬರ್ 30 ಎಂದಿತ್ತು. ಅದು ಒಮ್ಮೆ 2025ಕ್ಕೂ ಮತ್ತೊಮ್ಮೆ 2026ರ ಡಿಸೆಂಬರಿಗೂ ಮುಂದೆ ಹೋಯಿತು. ಮೊದಲ ದಿನಾಂಕವನ್ನು ನಂಬಿ ಬರೆದ ಕರಪತ್ರ, ಮಾಡಿದ ವಿಡಿಯೊ ಎಲ್ಲವೂ ಇಂದಿಗೂ ಹರಿದಾಡುತ್ತಿವೆ, ಬರೆದ ದಿನ ಅವು ಸರಿಯೇ ಇದ್ದವು.

ಹಾಸನದ ಉಪಗ್ರಹಗಳ ವಿಷಯದಲ್ಲಿ ಇದು ತಿರುಗುಮುರುಗಾಗಿ ಕಾಣುತ್ತದೆ. ಸಂವಹನ ಉಪಗ್ರಹವೊಂದರ ಆಯುಸ್ಸು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ. ಹಾರಿಹೋದ ಮೇಲೆ ಅದರ ಯಂತ್ರಭಾಗಗಳನ್ನು ಬದಲಿಸಲಾಗದು, ಆದರೆ ಬ್ಯಾಟರಿಗೆ ವಯಸ್ಸಾಗುತ್ತದೆ, ಇಂಧನ ಇಳಿಯುತ್ತದೆ, ಯಾವುದೋ ಭಾಗ ಕೈಕೊಟ್ಟು ಬದಲಿ ಭಾಗಕ್ಕೆ ಹೊರಳಬೇಕಾಗುತ್ತದೆ. ಇಂತಹ ಪ್ರತಿಯೊಂದು ಸಂದರ್ಭದಲ್ಲೂ ಬದಲಾಗುವುದು ನೆಲದ ಮೇಲಿನ ಬರಹವೇ.

ಆವೃತ್ತಿ ಸಂಖ್ಯೆಯನ್ನು ಓದುವುದು ಹೇಗೆ

ತಂತ್ರಾಂಶದ ‘ಬಗ್ಗೆ’ ಎಂಬ ಭಾಗದಲ್ಲಿ 3.4.2 ಎಂಬಂತಹ ಮೂರು ಅಂಕಿಗಳು ಕಾಣುತ್ತವೆ. ಇದು ದಶಮಾಂಶ ಸಂಖ್ಯೆಯಲ್ಲ. ವ್ಯಾಪಕವಾಗಿ ರೂಢಿಯಲ್ಲಿರುವ ಕ್ರಮದಲ್ಲಿ ಕೊನೆಯ ಅಂಕಿ ಬದಲಾದರೆ ಸಣ್ಣ ದೋಷಗಳನ್ನು ಮಾತ್ರ ಸರಿಪಡಿಸಿದ್ದಾರೆ ಎಂದರ್ಥ, ಹಳೆಯ ಕೈಪಿಡಿ ನಡೆಯುತ್ತದೆ. ನಡುವಿನದು ಬದಲಾದರೆ ಹೊಸ ಸೌಲಭ್ಯ ಸೇರಿದೆ, ಹಳೆಯವು ಉಳಿದಿವೆ. ಮೊದಲ ಅಂಕಿ ಬದಲಾದರೆ ಹಿಂದಿನ ರೂಢಿ ಮುರಿದಿದೆ, ಕೈಪಿಡಿಯನ್ನೂ ಬದಲಿಸಬೇಕು. ಈ ಲೆಕ್ಕದಲ್ಲಿ 3.10 ಎಂಬುದು 3.9ಕ್ಕಿಂತ ಹೊಸದು. ಎಲ್ಲ ಕಂಪನಿಗಳೂ ಈ ಕ್ರಮವನ್ನು ಶಿಸ್ತಾಗಿ ಪಾಲಿಸುವುದಿಲ್ಲ, ಕೆಲವರು ವರ್ಷ ಮತ್ತು ತಿಂಗಳನ್ನೇ ಸಂಖ್ಯೆಯಾಗಿ ಬಳಸುತ್ತಾರೆ. ಹಾಗಿದ್ದರೂ ಸಂಖ್ಯೆಯೊಂದು ಕೈಯಲ್ಲಿದ್ದರೆ ದೂರವಾಣಿಯಲ್ಲಿ ಸಹಾಯ ಕೇಳುವಾಗ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಸೂಕ್ಷ್ಮವಿದೆ. ಸಿಮ್ ಇರುವ ಸ್ಟಾರ್ಟರಿನಂತಹ ಸಲಕರಣೆಯಲ್ಲಿ ಫೋನಿನ ಆ್ಯಪಿಗೆ ಒಂದು ಆವೃತ್ತಿ, ಪೆಟ್ಟಿಗೆಯೊಳಗಿನ ಫರ್ಮ್‌ವೇರ್ ಎಂಬ ಒಳತಂತ್ರಾಂಶಕ್ಕೆ ಮತ್ತೊಂದು ಆವೃತ್ತಿ ಇರುತ್ತದೆ. ಆ್ಯಪ್ ತಾನಾಗಿ ಹೊಸದಾಗಿ, ಪೆಟ್ಟಿಗೆ ಹಳೆಯದೇ ಉಳಿದರೆ, ಪರದೆಯಲ್ಲಿ ಕಂಡ ಆಯ್ಕೆ ಪೆಟ್ಟಿಗೆಗೆ ಅರ್ಥವಾಗದೇ ಹೋಗಬಹುದು. ‘ಬಟನ್ ಇದೆ, ಒತ್ತಿದರೆ ಏನೂ ಆಗುವುದಿಲ್ಲ’ ಎಂಬ ದೂರಿಗೆ ಸಿಗ್ನಲ್ ಇಲ್ಲದಿರುವುದನ್ನು ಬಿಟ್ಟರೆ ಇದೂ ಒಂದು ಕಾರಣ.

ಬದಲಾವಣೆಯನ್ನು ದಾಖಲಿಸುವ ಅತ್ಯಂತ ಶಿಸ್ತಿನ ಕ್ರಮಗಳಲ್ಲಿ ಅಂತರಜಾಲದ ಮಾನಕಗಳದ್ದು ಒಂದು. 1969ರಿಂದ ನಡೆದುಬಂದ ಆರ್‌ಎಫ್‌ಸಿ ಎಂಬ ಸರಣಿಯಲ್ಲಿ ಒಮ್ಮೆ ಪ್ರಕಟವಾದ ಪತ್ರವನ್ನು ತಿದ್ದುವುದೇ ಇಲ್ಲ. ಬದಲಾವಣೆ ಬೇಕಾದರೆ ಹೊಸ ಸಂಖ್ಯೆಯ ಹೊಸ ಪತ್ರ ಬರುತ್ತದೆ, ಹಳೆಯದನ್ನು ಅದು ತೆರವುಗೊಳಿಸಿದೆ ಎಂದು ನಮೂದಿಸಲಾಗುತ್ತದೆ. ಇಮೇಲ್ ಸಂದೇಶದ ರೂಪವನ್ನು ಹೇಳುವ ಪತ್ರವು 1982ರಲ್ಲಿ 822, 2001ರಲ್ಲಿ 2822, 2008ರಲ್ಲಿ 5322 ಎಂಬ ಸಂಖ್ಯೆಗಳಲ್ಲಿ ಬಂದಿತು. ಮೂರೂ ಇಂದಿಗೂ ಓದಲು ಸಿಗುತ್ತವೆ, ಯಾವುದು ಯಾವುದರ ಜಾಗಕ್ಕೆ ಬಂದಿತೆಂಬ ಗೊಂದಲವಿಲ್ಲ.

ಬರೆಯುವವರು ಬದಲಾವಣೆಯನ್ನು ಹಿಂಬಾಲಿಸುವ ಬಗೆ

ಹಿಂದೆ ಯಂತ್ರ ಸಿದ್ಧವಾದ ಮೇಲೆ ಕೈಪಿಡಿ ಬರೆಯುತ್ತಿದ್ದರು. ಈಗ ತಂತ್ರಾಂಶದ ಸಾಲುಗಳನ್ನು ಇಡುವ ಉಗ್ರಾಣದಲ್ಲೇ ಕೈಪಿಡಿಯ ವಾಕ್ಯಗಳನ್ನೂ ಇಟ್ಟು, ಒಂದು ಬದಲಾದಾಗ ಇನ್ನೊಂದನ್ನೂ ಬದಲಿಸುವ ಪದ್ಧತಿ ಬೆಳೆದಿದೆ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್ ಎಂಬ ಸಾಧನ ಇದಕ್ಕೆ ಹೆಚ್ಚು ಬಳಕೆಯಾಗುತ್ತದೆ, ಯಾವ ವಾಕ್ಯವನ್ನು ಯಾರು ಯಾವಾಗ ಬದಲಿಸಿದರೆಂಬುದು ಅದರಲ್ಲಿ ಉಳಿಯುತ್ತದೆ. ಒಂದೇ ಎಚ್ಚರಿಕೆ ಹತ್ತು ಮಾದರಿಗಳ ಕೈಪಿಡಿಗಳಲ್ಲಿ ಬರುವಂತಿದ್ದರೆ ಅದನ್ನು ಒಂದೇ ಕಡೆ ಬರೆದಿಟ್ಟು ಎಲ್ಲ ಕಡೆಗೂ ಸೇರಿಸುವ ಕ್ರಮವೂ ಇದೆ. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಒಯಾಸಿಸ್ ಸಂಸ್ಥೆಯ ಮಾನಕವಾದ ಡಿಟಾ ಎಂಬ ವಿಧಾನ ಅದಕ್ಕೆಂದೇ ಇದೆ. ಕನ್ನಡದ ಓದುಗರಿಗೆ ಇದರಿಂದಾಗುವ ಪರಿಣಾಮ ಬೇರೆ. ಮೂಲ ಇಂಗ್ಲಿಷ್ ಪುಟ ಇಂದು ಬದಲಾದರೆ ಅನುವಾದ ಹಿಂದೆ ಉಳಿಯುತ್ತದೆ, ಆದ್ದರಿಂದ ಕನ್ನಡ ಪುಟದ ಮೇಲಿನ ಆವೃತ್ತಿಯನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕಾಗುತ್ತದೆ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಕೇಳಿ ಯಂತ್ರ ನಡೆಸುವವರು ಹೆಚ್ಚುತ್ತಿರುವುದರಿಂದ ಒಂದು ಮಾತು ಹೇಳಬೇಕು. ಇವು ಹಲವು ವರ್ಷಗಳ ಬರಹವನ್ನು ಓದಿ ಕಲಿತಂಥವು. ಅದರಲ್ಲಿ ನಾಲ್ಕು ಆವೃತ್ತಿಗಳ ಕೈಪಿಡಿಗಳು ಬೆರೆತಿದ್ದರೆ ಉತ್ತರದಲ್ಲೂ ಬೆರೆತುಬರಬಹುದು, ಮತ್ತು ಹೊಸ ಆವೃತ್ತಿಗಿಂತ ಹಳೆಯದರ ಬಗ್ಗೆ ಬರೆದದ್ದೇ ಹೆಚ್ಚಿರುವ ಸಾಧ್ಯತೆ ಇದೆ. ಉತ್ತರದ ಧಾಟಿ ಮಾತ್ರ ಸಾಮಾನ್ಯವಾಗಿ ಖಚಿತವಾಗಿಯೇ ಇರುತ್ತದೆ. ಮಾದರಿ ಮತ್ತು ಆವೃತ್ತಿ ಸಂಖ್ಯೆಯನ್ನು ಪ್ರಶ್ನೆಯಲ್ಲೇ ಹೇಳಿ, ಸಾಧ್ಯವಾದರೆ ಕೈಪಿಡಿಯ ಪುಟವನ್ನೇ ಒದಗಿಸಿ ಕೇಳಿದರೆ ಈ ತೊಡಕು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಬಳಸುವವರು ಮಾಡಿಕೊಳ್ಳಬಹುದಾದ ಏರ್ಪಾಡು

ಯಂತ್ರ ಮನೆಗೆ ಬಂದ ದಿನವೇ ಅದರ ಮೈಮೇಲಿನ ತಗಡಿನ ಫಲಕದ ಫೋಟೊ ತೆಗೆದಿಡುವುದು ಒಳ್ಳೆಯದು. ಮಾದರಿ ಸಂಖ್ಯೆ, ಕ್ರಮಸಂಖ್ಯೆ, ತಯಾರಾದ ತಿಂಗಳು ಅಲ್ಲಿರುತ್ತವೆ, ಎರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಓದಲಾಗುವುದಿಲ್ಲ. ಪುಸ್ತಿಕೆಯ ಕೊನೆಯ ಪುಟದ ಪರಿಷ್ಕರಣೆ ಸಂಖ್ಯೆಯನ್ನೂ ಅದರ ಜೊತೆಗೆ ಇಡಬೇಕು. ಪೆಟ್ಟಿಗೆಯ ಮೇಲಿನ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿದರೆ ತೆರೆಯುವ ಪುಟ ಈಗ ಮಾರಾಟದಲ್ಲಿರುವ ಮಾದರಿಯದ್ದಾಗಿರಬಹುದು, ತಮ್ಮ ಮಾದರಿಯ ಕೈಪಿಡಿಯನ್ನು ಕೊಂಡಾಗಲೇ ಫೋನಿಗೆ ಇಳಿಸಿಕೊಂಡಿದ್ದರೆ ಆ ಚಿಂತೆ ಇರುವುದಿಲ್ಲ.

ಅಪ್‌ಡೇಟಿಗೆ ಕಾಲ ನೋಡಿಕೊಳ್ಳಬೇಕು. ಹೂವಿಗೆ ನೀರು ಕೊಡುವ ವಾರದಲ್ಲಿ ಸ್ಟಾರ್ಟರಿನ ಒಳತಂತ್ರಾಂಶ ಬದಲಿಸುವುದಕ್ಕಿಂತ ಡಿಸೆಂಬರಿನಲ್ಲೇ ಬದಲಿಸಿ, ಒಂದೆರಡು ದಿನ ಓಡಿಸಿ ನೋಡುವುದು ಕ್ಷೇಮ. ಬದಲಿಸುವ ಮೊದಲು ಈಗಿನ ಸಮಯ, ವೋಲ್ಟೇಜ್ ಮಿತಿ ಮೊದಲಾದ ಹೊಂದಾಣಿಕೆಗಳನ್ನು ಕಾಗದದಲ್ಲಿ ಬರೆದುಕೊಂಡಿರಬೇಕು, ಕೆಲವು ಅಪ್‌ಡೇಟುಗಳು ಅವನ್ನೆಲ್ಲ ಅಳಿಸಿ ಕಾರ್ಖಾನೆಯ ಸ್ಥಿತಿಗೆ ಮರಳಿಸುತ್ತವೆ. ಬ್ಯಾಂಕಿನ ಆ್ಯಪಿಗೆ ಈ ಸಲಹೆ ಅನ್ವಯಿಸುವುದಿಲ್ಲ, ಅಲ್ಲಿ ಭದ್ರತೆಯ ಅಪ್‌ಡೇಟನ್ನು ತಡಮಾಡುವುದೇ ಅಪಾಯ.

ಕೃಷಿಗೆ ಸಂಬಂಧಿಸಿದ ಶಿಫಾರಸು ಇಂದಿಗೂ ಜಾರಿಯಲ್ಲಿದೆಯೇ ಎಂಬ ಅನುಮಾನ ಬಂದರೆ, ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ಚಿಕ್ಕಮಗಳೂರಿನವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೀಟನಾಶಕದ ವಿಷಯದಲ್ಲಿ ವಿಡಿಯೊದ ಮಾತಿಗೂ ಡಬ್ಬಿಯ ಚೀಟಿಗೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ಅನುಸರಿಸಬೇಕು. ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಪ್ರಮಾಣದಲ್ಲಿ ಎಂಬ ಅದರ ಮೇಲಿನ ಮಾತುಗಳು ಕೇಂದ್ರದ ಕೀಟನಾಶಕ ನೋಂದಣಿ ಸಮಿತಿಯ ಒಪ್ಪಿಗೆ ಪಡೆದಂಥವು. ಕೊಳ್ಳುವಾಗ ಮುಗಿಯುವ ದಿನಾಂಕವನ್ನೂ ಬ್ಯಾಚ್ ಸಂಖ್ಯೆಯನ್ನೂ ನೋಡಿ, ಬಿಲ್ಲಿನ ಮೇಲೆ ಆ ಸಂಖ್ಯೆಯನ್ನು ಬರೆಸಿಕೊಂಡರೆ ಮುಂದೆ ದೂರು ಕೊಡಬೇಕಾಗಿ ಬಂದಾಗ ಆಧಾರವಿರುತ್ತದೆ.